ಸಾಲಿಗಿಂತ ಮೊದಲು ದವಾಖಾನಿ

ಗಜೇಂದ್ರಗಡಕ್ಕೆ ಬಂದವರು ಕಾಲಕಾಲೇಶ್ವರನ ಮೆಟ್ಟಿಲು ಹತ್ತುತ್ತಾರೆ. ಸೂಡಿಗೆ ಹೋದವರು ಜೋಡುಕಳಸದ ಗುಡಿ ನೋಡಿ, ನಾಗಕುಂಡದ ಪಾವಟಿಗೆಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಾರೆ. ನರಗುಂದದಲ್ಲಿ ಬಸ್ಸಿಳಿದರೆ 1858ರ ಬಾಬಾಸಾಹೇಬರ ಬಂಡಾಯವನ್ನೂ 1980ರ ರೈತರ ಬಂಡಾಯವನ್ನೂ ಹೇಳುವವರು ಸಿಗುತ್ತಾರೆ. ಗದಗ ಜಿಲ್ಲೆಯ ರೋಣ, ಗಜೇಂದ್ರಗಡ, ನರಗುಂದ ಈ ಮೂರು ತಾಲ್ಲೂಕುಗಳ ಬಗ್ಗೆ ಭಾನುವಾರದ ಪುಟಗಳಲ್ಲಿ ನಾನು ಓದಿದ್ದೆಲ್ಲ ಕೋಟೆ, ಗುಡಿ, ಬಂಡಾಯ. ಆದರೆ ಹಳ್ಳಿ ಹಳ್ಳಿಯಲ್ಲೂ ಇರುವ ಒಂದು ಸಣ್ಣ ಕಟ್ಟಡದ ಬಗ್ಗೆ ಯಾರೂ ಬರೆದದ್ದು ಕಂಡಿಲ್ಲ. ಬಸುರಿಯ ಮೊದಲ ತಪಾಸಣೆ, ಕೂಸಿನ ಲಸಿಕೆ, ಹೈಸ್ಕೂಲಿನ ಹುಡುಗಿಯ ರಕ್ತಹೀನತೆ, ಮುದುಕರ ಬಿ.ಪಿ. ಇಷ್ಟೂ ಒಂದೇ ಸೂರಿನ ಕೆಳಗೆ ನಡೆಯುವ ಜಾಗ ಅದು. ಆರೋಗ್ಯ ಉಪಕೇಂದ್ರ ಅಂತ ಅದರ ಹೆಸರು. ಊರವರಿಗೆ ಅದು ದವಾಖಾನಿ.

ಸರಕಾರಿ ವ್ಯವಸ್ಥೆಯ ಲೆಕ್ಕದಲ್ಲಿ ಇದು ಕಟ್ಟಕಡೆಯ ಬಾಗಿಲು. ಬಯಲುಸೀಮೆಯಲ್ಲಿ ಸುಮಾರು 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ನಿಯಮ. ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗಬೇಕು ಎಂದು 1946ರಲ್ಲಿ ಭೋರ್ ಸಮಿತಿ ಹೇಳಿದ ಮಾತಿನಿಂದ ಬೆಳೆದ ವ್ಯವಸ್ಥೆ ಇದು. 2018ರಲ್ಲಿ ಆಯುಷ್ಮಾನ್ ಭಾರತ್ ಬಂದ ಮೇಲೆ ಉಪಕೇಂದ್ರಗಳು ಒಂದೊಂದಾಗಿ ಕ್ಷೇಮ ಕೇಂದ್ರಗಳಾದವು. 2023ರ ಕೊನೆಗೆ ಬೋರ್ಡಿನ ಮೇಲೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂಬ ಹೆಸರು ಬಂತು. ಒಳಗಿರುವವರು ಬಹಳ ಮಂದಿಯಲ್ಲ. ಹಿಂದೆ ಕಿರಿಯ ಆರೋಗ್ಯ ಸಹಾಯಕಿ ಎನ್ನುತ್ತಿದ್ದವರು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ. ಊರವರಿಗೆ ಇವರು ಸಿಸ್ಟರ್, ಹಳಬರಿಗೆ ನರ್ಸಬಾಯಿ. ಜೊತೆಗೆ ನರ್ಸಿಂಗ್ ಓದಿಬಂದ ಸಮುದಾಯ ಆರೋಗ್ಯ ಅಧಿಕಾರಿ. ಮತ್ತೆ ಸಾವಿರ ಜನಕ್ಕೆ ಒಬ್ಬರಂತೆ ಆಶಾ ಕಾರ್ಯಕರ್ತೆಯರು. ಇಲ್ಲಿ ನೋಡಲಾಗದಷ್ಟು ದೊಡ್ಡ ಕಾಯಿಲೆಯಾದರೆ ಪ್ರಾಥಮಿಕ ಕೇಂದ್ರ, ಅದನ್ನೂ ದಾಟಿದರೆ ರೋಣ, ನರಗುಂದದ ತಾಲ್ಲೂಕು ಆಸ್ಪತ್ರೆ, ಗಜೇಂದ್ರಗಡದ ಸರಕಾರಿ ಆಸ್ಪತ್ರೆ, ಕೊನೆಗೆ ಗದಗಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್.

ನಾನು ಬಿ.ಇಡಿ. ವಿದ್ಯಾರ್ಥಿನಿ. ರೋಣ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಗುರುವಾರಗಳಂದು ಸ್ವಯಂಸೇವೆಗೆ ಹೋಗುತ್ತೇನೆ. ಶಿಕ್ಷಕಿಯಾಗುವವಳಿಗೆ ದವಾಖಾನಿಯಲ್ಲಿ ಏನು ಕೆಲಸ ಎಂದು ಮನೆಯಲ್ಲೂ ಕಾಲೇಜಿನಲ್ಲೂ ಕೇಳಿದ್ದಾರೆ. ಉತ್ತರ ಸರಕಾರದ ಕಾಗದದಲ್ಲೇ ಇದೆ. 2020ರ ಫೆಬ್ರುವರಿ 12ರಂದು ಆಯುಷ್ಮಾನ್ ಭಾರತದ ಅಡಿಯಲ್ಲಿ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ ಆರಂಭವಾಯಿತು. ಅದರ ಪ್ರಕಾರ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಸಾಧ್ಯವಾದರೆ ಒಬ್ಬ ಮಾಸ್ತರು ಒಬ್ಬ ಟೀಚರು, ಆರೋಗ್ಯ ರಾಯಭಾರಿಗಳಾಗಬೇಕು. ಬೆಳೆಯುವ ವಯಸ್ಸು, ಪೌಷ್ಟಿಕ ಆಹಾರ, ಮನಸ್ಸಿನ ಆರೋಗ್ಯ, ದುಶ್ಚಟ ಮುಂತಾದ 11 ವಿಷಯಗಳನ್ನು ವಾರಕ್ಕೊಂದು ತಾಸು ಮಕ್ಕಳಿಗೆ ಹೇಳಬೇಕು. ಅಂದರೆ ನಾಳೆ ನೌಕರಿ ಸಿಕ್ಕ ದಿನ ಈ ಹೊಣೆ ನನ್ನ ಹೆಗಲಿಗೂ ಬರಬಹುದು. 2015ರಿಂದ ಬಿ.ಇಡಿ. ಎರಡು ವರ್ಷದ್ದಾಗಿದೆ, ಅದರಲ್ಲಿ 20 ವಾರ ಶಾಲೆಯ ಅನುಭವಕ್ಕೇ ಮೀಸಲು. ಮನೋವಿಜ್ಞಾನ, ಬೋಧನಾ ವಿಧಾನ, ಪಾಠಯೋಜನೆ ಎಲ್ಲ ಬೇಕಾದಷ್ಟು ಓದುತ್ತೇವೆ. ಎದುರಿಗೆ ಕೂತ ಮಗುವಿನ ದೇಹದ ಬಗ್ಗೆ ಓದುವುದು ಬಹಳ ಕಡಿಮೆ. ಆ ಕೊರತೆಯನ್ನು ಉಪಕೇಂದ್ರ ತುಂಬುತ್ತದೆ ಎಂಬುದೇ ಈ ಲೇಖನದ ಮಾತು.

ನಮ್ಮ ರಾಜ್ಯದಲ್ಲಿ ಗುರುವಾರ ಲಸಿಕೆಯ ದಿನ. ಮುಂಜಾನೆ ಪ್ರಾಥಮಿಕ ಕೇಂದ್ರದಿಂದ ಲಸಿಕೆಯ ಪೆಟ್ಟಿಗೆ ಬರುತ್ತದೆ. ಒಳಗೆ ನಾಲ್ಕು ಐಸ್ ಪ್ಯಾಕ್, ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಬಾಟಲಿಗಳು. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಬಿಸಿಲಿಗೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಪೆಂಟಾ, ಡಿ.ಪಿ.ಟಿ., ಟಿ.ಡಿ. ಲಸಿಕೆಗಳು ಒಮ್ಮೆ ಗಟ್ಟಿಯಾದರೆ ಮುಗಿಯಿತು. ಅದಕ್ಕೇ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೇರವಾಗಿ ಪೆಟ್ಟಿಗೆಗೆ ಇಡುವುದಿಲ್ಲ. ಹೊರಗಿಟ್ಟು ಬೆವರಿಸುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಒಳಗೆ ನೀರು ಸಪ್ಪಳ ಮಾಡಿದರೆ ಮಾತ್ರ ಇಡುತ್ತಾರೆ. ಬಾಟಲಿಯ ಮೇಲೆ ಒಂದು ದುಂಡು, ಅದರ ನಡುವೆ ಒಂದು ಚೌಕ. ಚೌಕದ ಬಣ್ಣ ದುಂಡಿಗಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ. ಎರಡೂ ಒಂದೇ ಬಣ್ಣಕ್ಕೆ ಬಂದರೆ ಅದನ್ನು ಬಳಸುವಂತಿಲ್ಲ. ಬಿ.ಸಿ.ಜಿ. ಮತ್ತು ದಡಾರ-ರುಬೆಲ್ಲಾ ಲಸಿಕೆ ಕಲೆಸಿದ ಮೇಲೆ ನಾಲ್ಕು ತಾಸು ಮಾತ್ರ ಬಾಳುತ್ತವೆ. ಕಲೆಸಿದ ಹೊತ್ತನ್ನು ಬಾಟಲಿಯ ಮೇಲೇ ಬರೆದಿಡಬೇಕು. ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವವರು ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಆ ಪಾಠವನ್ನು ಬೇರೆಯೇ ರೀತಿಯಲ್ಲಿ ಮಾಡುತ್ತಾರೆ.

ಸ್ವಯಂಸೇವಕರು ಸೂಜಿ ಮುಟ್ಟುವಂತಿಲ್ಲ, ಗುಳಿಗೆ ಕೊಡುವಂತಿಲ್ಲ. ನನ್ನ ಕೆಲಸ ಬಾಗಿಲ ಬಳಿಯ ಮೇಜಿನಲ್ಲಿ. ಬಂದವರ ತಾಯಿ ಕಾರ್ಡು ತೆಗೆದುಕೊಂಡು ಕೂಸಿಗೆ ಇವತ್ತು ಯಾವ ಲಸಿಕೆಯ ಪಾಳಿ ಎಂದು ನೋಡುವುದು, ತೂಕದ ಸಾಲಿನಲ್ಲಿ ನಿಲ್ಲಿಸುವುದು, ಲಸಿಕೆ ಆದವರನ್ನು ಅರ್ಧ ತಾಸು ಕೂರಿಸಿಕೊಂಡು ಮಾತಾಡಿಸುವುದು. ಆ ಅರ್ಧ ತಾಸಿನ ಮಾತೇ ನನಗೆ ಸಿಕ್ಕ ನಿಜವಾದ ತರಬೇತಿ.

ಲಸಿಕೆ ಹಾಕಿದ ಮೇಲೆ ತಾಯಿಗೆ ನಾಲ್ಕು ಸಂಗತಿ ಹೇಳಿಯೇ ಕಳಿಸಬೇಕೆಂದು ಆರೋಗ್ಯ ಇಲಾಖೆಯ ನಿಯಮವಿದೆ. ಇವತ್ತು ಯಾವ ಲಸಿಕೆ ಆಯಿತು, ಅದು ಯಾವ ರೋಗ ತಡೆಯುತ್ತದೆ; ಮುಂದಿನದು ಯಾವಾಗ, ಎಲ್ಲಿ; ಜ್ವರ, ಬಾವು ಬಂದರೆ ಏನು ಮಾಡಬೇಕು; ಕಾರ್ಡನ್ನು ಜೋಪಾನ ಮಾಡಿ ಮುಂದಿನ ಸಲ ತರಬೇಕು. ಕೇಳುವುದಕ್ಕೆ ಸರಳ. ಆದರೆ ಒಂದೂವರೆ ತಿಂಗಳ ಕೂಸಿಗೆ ಒಂದೇ ದಿನ ಮೂರು ಸೂಜಿ ಬೀಳುತ್ತವೆ, ಬಾಯಿಗೆ ಎರಡು ಬಗೆಯ ಹನಿ ಬೇರೆ. ಕೂಸು ಅಳುತ್ತಿರುತ್ತದೆ, ತಾಯಿಯ ಕಣ್ಣಲ್ಲೂ ನೀರಿರುತ್ತದೆ, ಜೊತೆಗೆ ಬಂದ ಅಜ್ಜಿಗೆ ಸಿಟ್ಟು. ಅಂಥ ಹೊತ್ತಿನಲ್ಲಿ ಹೇಳಿದ ಮಾತು ಮನೆಯವರೆಗೆ ಹೋಗಬೇಕು. ನಾನು ನೋಡಿದ ಸಿಸ್ಟರ್ ಇದನ್ನು ಮಾಡುವ ಬಗೆ ಹೀಗೆ: ಮೊದಲು ಕೂಸಿಗೆ ಹಾಲು ಕುಡಿಸಲು ಹೇಳುತ್ತಾರೆ. ಅಳು ನಿಂತ ಮೇಲೆ ಒಂದೊಂದೇ ಮಾತು. ಹೇಳಿ ಮುಗಿಸಿ, “ಈಗ ನೀ ನನಗ ಹೇಳವಾ, ಜ್ವರಾ ಬಂದ್ರ ಏನ್ ಮಾಡ್ತಿ?” ಎಂದು ತಿರುಗಿ ಕೇಳುತ್ತಾರೆ. ತಾಯಿ ಹೇಳಿದ್ದರಲ್ಲಿ ಬಿಟ್ಟುಹೋದದ್ದನ್ನು ಮಾತ್ರ ಮತ್ತೆ ಹೇಳುತ್ತಾರೆ. ಅಜ್ಜಿಯನ್ನು ಬಿಡುವುದಿಲ್ಲ, “ಯವ್ವಾ, ಸೂಜಿ ಮಾಡಿದ ಜಾಗಕ್ಕ ಎಣ್ಣಿ ಹಚ್ಚಿ ತಿಕ್ಕಬ್ಯಾಡ್ರಿ” ಎನ್ನುತ್ತಾರೆ. ಏಕೆಂದರೆ ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತು. ಪಾಠದ ಕೊನೆಗೆಂದು ನಾವು ಪಾಠಯೋಜನೆಯ ಕಾಲಮ್ಮಿನಲ್ಲಿ ಬರೆಯುವ ಮೌಲ್ಯಮಾಪನ ಇಲ್ಲಿ ಪ್ರತಿ ಗುರುವಾರ ನಡೆಯುತ್ತದೆ. ಉತ್ತರ ತಪ್ಪಿದರೆ ಇಲ್ಲಿ ಹೋಗುವುದು ಅಂಕವಲ್ಲ.

ಮುಂದಿನ ತಾರೀಖು ಹೇಳುವುದರಲ್ಲೂ ಒಂದು ಜಾಣ್ಮೆ ಇದೆ. ಕಾರ್ಡಿನಲ್ಲಿ 6 ವಾರ, 10 ವಾರ, 14 ವಾರ ಎಂದಿರುತ್ತದೆ. ಬಾಯಿಮಾತಿನಲ್ಲಿ ಒಂದೂವರೆ ತಿಂಗಳು, ಎರಡೂವರೆ ತಿಂಗಳು, ಮೂರೂವರೆ ತಿಂಗಳು. ಅದಕ್ಕಿಂತ ಗಟ್ಟಿಯಾಗಿ ಮನಸ್ಸಿನಲ್ಲಿ ಉಳಿಯುವುದು ಅಮಾವಾಸ್ಯೆ, ಹುಣ್ಣಿಮೆ. ಎರಡು ಡೋಜಿನ ನಡುವೆ ಕನಿಷ್ಠ 28 ದಿನ ಇರಬೇಕು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಮಣ್ಣೆತ್ತಿನ ಅಮಾವಾಸ್ಯೆಯ ಸುತ್ತ ಮೊದಲ ಡೋಜ್ ಆದ ಕೂಸಿಗೆ ನಾಗರ ಅಮಾವಾಸ್ಯೆ ಕಳೆದ ಗುರುವಾರ ಎರಡನೆಯದು ಎಂದರೆ ಲೆಕ್ಕ ಸರಿಹೋಗುತ್ತದೆ. ಕ್ಯಾಲೆಂಡರ್ ಇಲ್ಲದ ಮನೆಯಲ್ಲೂ ಅದು ನೆನಪಿರುತ್ತದೆ. ಮಕ್ಕಳಿಗೆ ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಹೋಗಬೇಕು ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಅದನ್ನು ಮಾಡಿ ತೋರಿಸಿದವರನ್ನು ನಾನು ಮೊದಲು ಕಂಡದ್ದು ದವಾಖಾನಿಯಲ್ಲಿ.

ಪಂಚಮಿಯ ಮುಂದೆ ಉಪಕೇಂದ್ರದಲ್ಲಿ ಹೊಸ ಮುಖಗಳು ಹೆಚ್ಚು. ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಕೂಸಿನ ಕಾರ್ಡು ಬೇರೆ ಊರಿನದು. ಚೊಚ್ಚಲ ಹೆರಿಗೆಗೆ ಬಂದವರು ತಿಂಗಳುಗಟ್ಟಲೆ ಇಲ್ಲೇ ಇರುತ್ತಾರೆ. ಹಿಂಗಾರಿ ಸುಗ್ಗಿ ಮುಗಿದ ಮೇಲೆ ಇದಕ್ಕೆ ತಿರುವುಮುರುವು: ಎಷ್ಟೋ ಮನೆಗಳು ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬೀಗ ಹಾಕಿಕೊಂಡು ಹೋಗುತ್ತವೆ. ಲಸಿಕೆ ತಪ್ಪುವುದು ಹೆಚ್ಚಾಗಿ ಆಗಲೇ. ಊರು ಯಾವುದೇ ಇರಲಿ, ಹತ್ತಿರದ ಸರಕಾರಿ ಕೇಂದ್ರಕ್ಕೆ ಕಾರ್ಡು ಒಯ್ದರೆ ಲಸಿಕೆ ಹಾಕುತ್ತಾರೆ, ದುಡ್ಡು ಕೊಡಬೇಕಿಲ್ಲ. ಗುಳೆ ಹೋಗುವ ತಾಯಂದಿರಿಗೆ ನಾವು ಹೇಳುವ ಮುಖ್ಯ ಮಾತು ಇದು. ಅದೇ ಮನೆಯ ದೊಡ್ಡ ಮಗು ಸಾಲಿ ಬಿಡುವುದೂ ಅದೇ ತಿಂಗಳಲ್ಲಿ. ಹಾಜರಿ ಪುಸ್ತಕದ ಗೈರುಹಾಜರಿ ಗುರುತೂ ಲಸಿಕೆ ರಜಿಸ್ಟರಿನ ಖಾಲಿ ಚೌಕವೂ ಬಹಳ ಸಲ ಒಂದೇ ಮನೆಯವು. ಶಾಲೆ ಮತ್ತು ಉಪಕೇಂದ್ರ ಪರಸ್ಪರ ಮಾತಾಡಿಕೊಂಡರೆ ಎರಡು ಕಡೆಯವರೂ ಈ ಮನೆಗಳನ್ನು ಮುಂಚೆಯೇ ಗುರುತಿಸಬಹುದು.

ಲಸಿಕೆ ಎಂದರೆ ಕೂಸುಗಳಿಗೆ ಮಾತ್ರ ಎಂಬ ತಿಳಿವಳಿಕೆ ಶಿಕ್ಷಕರಲ್ಲೂ ಇದೆ. ಐದರಿಂದ ಆರು ವರ್ಷಕ್ಕೆ ಡಿ.ಪಿ.ಟಿ. ಎರಡನೆಯ ಬೂಸ್ಟರ್, ಹತ್ತಕ್ಕೆ ಮತ್ತು ಹದಿನಾರಕ್ಕೆ ಟಿ.ಡಿ. ಅಂದರೆ ಒಂದನೆಯ, ಐದನೆಯ, ಹತ್ತನೆಯ ತರಗತಿ. ಮೂರೂ ಬರುವುದು ಸಾಲಿಯ ವಯಸ್ಸಿನಲ್ಲಿ, ಮತ್ತು ಹೆಚ್ಚು ಬಿಟ್ಟುಹೋಗುವುದೂ ಇವೇ. ಇವು ತಡೆಯುವ ಗಂಟಲಮಾರಿ ಹಳೆಯ ಕಾಲದ ರೋಗವೆಂದು ನಾವು ಮರೆತಿದ್ದೇವೆ. ಬೂಸ್ಟರ್ ತಪ್ಪಿದ ಮಕ್ಕಳಿದ್ದಲ್ಲಿ ಅದು ತಿರುಗಿ ಬರುತ್ತದೆ.

ಈಗ ರಕ್ತಹೀನತೆಯ ವಿಷಯ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತ ಕಡಿಮೆ. ಅಂಕಿ ಓದುವಾಗ ಅದು ದೂರದ ಸಂಗತಿಯಂತೆ ಕಾಣುತ್ತದೆ. ಉಪಕೇಂದ್ರದಲ್ಲಿ ಬೆರಳು ಚುಚ್ಚಿ ನೋಡಿದಾಗ ಬಸುರಿಗೆ 11 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 8 ಬರುತ್ತದೆ. ಆಕೆ ಅವತ್ತು ಹೊಲದಲ್ಲಿ ಕಳೆ ತೆಗೆದು ಬಂದವಳು. ದಣಿವಾಗುತ್ತದೆಯೇ ಎಂದರೆ ಇಲ್ಲ ಎನ್ನುತ್ತಾಳೆ, ಏಕೆಂದರೆ ದಣಿವಿಲ್ಲದ ದಿನ ಹೇಗಿರುತ್ತದೆಂದು ಆಕೆಗೆ ಗೊತ್ತಿಲ್ಲ. ಕಬ್ಬಿಣಾಂಶದ ಗುಳಿಗೆ ಸರಕಾರ ಪುಕ್ಕಟೆ ಕೊಡುತ್ತದೆ. ಬಸುರಿಗೆ ಕಡಿಮೆಯೆಂದರೂ 180. ಹಾಗೆ ಕೊಟ್ಟ ಗುಳಿಗೆಗಳು ಮನೆಯ ಮಾಡಿನಲ್ಲಿ ಉಳಿಯುತ್ತವೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಕೂಸು ದಪ್ಪಾಗಿ ಹೆರಿಗೆ ತ್ರಾಸಾಗುತ್ತದೆ ಎಂಬ ಅಂಜಿಕೆಗಳು ಅದಕ್ಕೆ ಕಾರಣ. ಮೊದಲ ಎರಡು ನಿಜ, ಅಪಾಯವಿಲ್ಲದವು, ಮೂರನೆಯದು ಸುಳ್ಳು. ಊಟವಾದ ಮೇಲೆ ತೆಗೆದುಕೊಂಡರೆ ತೊಳಸುವುದು ಕಡಿಮೆ. ಗುಳಿಗೆಯ ಹಿಂದೆ ಮುಂದೆ ಚಹಾ ಕುಡಿಯಬಾರದು, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ನಮ್ಮ ಭಾಗದಲ್ಲಿ ಊಟ ಮುಗಿಯುವುದೇ ಚಹಾದಿಂದ. ಆದ್ದರಿಂದ ಈ ಒಂದು ಮಾತನ್ನು ಮನೆಮನೆಗೆ ಮುಟ್ಟಿಸಿದರೂ ದೊಡ್ಡ ಉಪಕಾರ.

ಆಹಾರದ ಮಾತಿನಲ್ಲಿ ಸಿಸ್ಟರ್ ದೂರದ ಹಣ್ಣುಗಳ ಹೆಸರೆತ್ತುವುದಿಲ್ಲ. ಜೋಳದ ರೊಟ್ಟಿಯ ಜೊತೆ ವಾರದಲ್ಲಿ ನಾಲ್ಕು ದಿನ ಸಜ್ಜಿ ರೊಟ್ಟಿ, ಏಕೆಂದರೆ ಸಜ್ಜೆಯಲ್ಲಿ ಜೋಳಕ್ಕಿಂತ ಕಬ್ಬಿಣ ಹೆಚ್ಚು. ಹೊಲದಲ್ಲೇ ಬೆಳೆಯುವ ಹೆಸರು, ಕಡಲೆ ಮೊಳಕೆ ಬರಿಸಿ ತಿನ್ನುವುದು. ಮೆಂತೆ ಪಲ್ಯ, ರಾಜಗಿರಿ ಸೊಪ್ಪು, ಗುರೆಳ್ಳು ಹಿಂಡಿ, ಮೇಲೆ ಲಿಂಬೆಹುಳಿ. ಎರಿ ಹೊಲದ ಈ ಸೀಮೆ ಹೆಸರುಕಾಳಿಗೆ, ಕಡಲೆಗೆ ಹೆಸರಾದದ್ದು. ಬೆಳೆದದ್ದೆಲ್ಲ ಗದಗಿನ ಮಾರುಕಟ್ಟೆಗೆ ಹೋಗಿ, ಬೆಳೆದ ಮನೆಯ ಹೆಣ್ಣುಮಗಳ ತಾಟಿಗೆ ಕಡಿಮೆ ಬೀಳುವುದು ನನಗೆ ಒಪ್ಪಿಗೆಯಾಗದ ಸಂಗತಿ, ಇದನ್ನು ಮುಂದೆ ನನ್ನ ತರಗತಿಯಲ್ಲಿ ಗಂಡುಹುಡುಗರಿಗೂ ಹೇಳುವವಳಿದ್ದೇನೆ.

ಸಾಲಿಯಲ್ಲೂ ವಾರಕ್ಕೊಮ್ಮೆ ಕಬ್ಬಿಣಾಂಶದ ಗುಳಿಗೆ ಕೊಡುತ್ತಾರೆ. ಸಣ್ಣ ಮಕ್ಕಳಿಗೆ ಗುಲಾಬಿ ಬಣ್ಣದ್ದು, ಹತ್ತು ದಾಟಿದವರಿಗೆ ನೀಲಿ. ಜಂತುಹುಳುವಿನ ಗುಳಿಗೆ ಬೇರೆ ಇದೆ. ಅಭ್ಯಾಸ ಬೋಧನೆಗೆ ಹೋದಾಗ ಹಿಂದಿನ ಬೆಂಚಿನಲ್ಲಿ ತೂಕಡಿಸುವ ಒಂಬತ್ತನೆಯ ತರಗತಿಯ ಹುಡುಗಿಯನ್ನು ಎಬ್ಬಿಸಿ ಪ್ರಶ್ನೆ ಕೇಳುವುದು ನಮ್ಮೆಲ್ಲರ ರೂಢಿ. ದವಾಖಾನಿಯ ಮೇಜಿನಲ್ಲಿ ಕೂತ ಮೇಲೆ ನಾನು ಮೊದಲು ಕೇಳುವ ಪ್ರಶ್ನೆ, “ಮುಂಜಾನೆ ಏನ್ ಉಂಡು ಬಂದೀವಾ?” ಬಹಳಷ್ಟು ಸಲ ಬರುವ ಉತ್ತರ, ಚಹಾ. ಖಾಲಿ ಹೊಟ್ಟೆಯ ಮಗುವಿಗೆ ನೀಲಿ ಗುಳಿಗೆ ಕೊಟ್ಟರೆ ವಾಂತಿಯಾಗುತ್ತದೆ. ಅದನ್ನು ನೋಡಿದ ಉಳಿದವರು ಮುಂದಿನ ವಾರ ಬಾಯಿಗೆ ಹಾಕಿಕೊಂಡಂತೆ ಮಾಡಿ ಉಗುಳುತ್ತಾರೆ. ಮಧ್ಯಾಹ್ನದ ಬಿಸಿಯೂಟದ ನಂತರ, ಎದುರಿಗೇ ನಿಂತು ನುಂಗಿಸಬೇಕು. ಇಷ್ಟು ಸಣ್ಣ ಸಂಗತಿಯ ಮೇಲೆ ಒಂದು ಯೋಜನೆ ಉಳಿಯುತ್ತದೆ ಅಥವಾ ಬೀಳುತ್ತದೆ.

ನೀರಿನ ಕಥೆ ಹೇಳದೆ ಈ ತಾಲ್ಲೂಕುಗಳ ಆರೋಗ್ಯದ ಕಥೆ ಮುಗಿಯುವುದಿಲ್ಲ. ನರಗುಂದದ ಅಂಚಿನಲ್ಲಿ ಮಲಪ್ರಭೆ ಇದ್ದಾಳೆ. 2019ರ ಮಹಾಪೂರದಲ್ಲಿ ಕೊಣ್ಣೂರು, ಹೊಳೆಆಲೂರಿನ ಕಡೆಯ ಊರುಗಳು ಅದೇ ಹೊಳೆಯಲ್ಲಿ ಮುಳುಗಿದ್ದವು. ರೋಣ, ಗಜೇಂದ್ರಗಡದ ಒಳಗಿನ ಹಳ್ಳಿಗಳಿಗೆ ಬಹುಕಾಲ ಕೊಳವೆಬಾವಿಯೇ ಗತಿ. ಗದಗ ಜಿಲ್ಲೆ ರಾಜ್ಯದ ಫ್ಲೋರೈಡ್ ಪೀಡಿತ ಜಿಲ್ಲೆಗಳಲ್ಲಿ ಒಂದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಚುಕ್ಕೆ, ಆಮೇಲೆ ಕಂದು ಪಟ್ಟೆ ಬರುತ್ತವೆ. ಇನ್ನೂ ಮುಂದೆ ಬೆನ್ನು, ಮೊಣಕಾಲು ಬಿಗಿಯುತ್ತವೆ. ಶಾಶ್ವತ ಹಲ್ಲುಗಳು ವಸಡಿನ ಒಳಗೆ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದೊಳಗೆ. ಕಲೆ ಬೀಳುವುದೂ ಆಗಲೇ. ಆ ಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹಲ್ಲು ತಿಕ್ಕುವುದಿಲ್ಲವೇನು ಎಂದು ಮಾಸ್ತರು ಎಲ್ಲರೆದುರು ಗದರಿಸಿದರೆ ಆ ಮಗು ಬಾಯಿಗೆ ಕೈ ಅಡ್ಡ ಇಟ್ಟು ನಗುವುದನ್ನು ಕಲಿಯುತ್ತದೆ. ಆಮೇಲೆ ಗಟ್ಟಿಯಾಗಿ ಓದುವುದನ್ನೂ ಬಿಡುತ್ತದೆ. ಹಲ್ಲಿನ ಕಲೆ ನೀರಿನದೋ ಕೊಳೆಯದೋ ಎಂದು ಗುರುತಿಸುವುದು ಶಿಕ್ಷಕರಿಗೆ ಗೊತ್ತಿರಲೇಬೇಕು.

ಎಲ್ಲದಕ್ಕೂ “ನೀರು ಕಾಸಿ ಕುಡೀರಿ” ಎನ್ನುವುದು ನಮ್ಮ ರೂಢಿ. ವಾಂತಿ ಭೇದಿಗೆ, ಕಾಮಾಲೆಗೆ ಆ ಮಾತು ಸರಿ. ಫ್ಲೋರೈಡಿಗೆ ಅಲ್ಲ. ಕಾಸಿದಷ್ಟೂ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಹೊಳೆಯ ನೀರು, ಮಳೆಯ ನೀರು ಅಥವಾ ಶುದ್ಧೀಕರಣ ಘಟಕದ ನೀರು ಕುಡಿಯುವುದೇ ಇದಕ್ಕೆ ಪರಿಹಾರ. ಈಗ ಬಹುಗ್ರಾಮ ಯೋಜನೆಯ ಹೊಳೆ ನೀರು ಅನೇಕ ಊರುಗಳಿಗೆ ಬರುತ್ತದೆ. ನೀರು ಬಾರದ ದಿನ ಮತ್ತೆ ಕೊಳವೆಬಾವಿಗೆ ಹೋಗುವ ಊರುಗಳೂ ಇವೆ. ಯಾವ ನಲ್ಲಿಯ ನೀರು ಕುಡಿಯಲು, ಯಾವುದು ಬಳಸಲು ಎಂಬುದು ಮನೆಯ ಮಕ್ಕಳಿಗೆ ತಿಳಿದಿರಬೇಕು, ಏಕೆಂದರೆ ಕೊಡ ಹಿಡಿದು ಹೋಗುವವರು ಅವರೇ.

ಆಶಾ ಕಾರ್ಯಕರ್ತೆಯ ಜೊತೆ ಮನೆಭೇಟಿಗೆ ಹೋಗುವುದು ಈ ಸ್ವಯಂಸೇವೆಯ ಇನ್ನೊಂದು ಭಾಗ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಹುದ್ದೆ ಅದು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಕೂಸನ್ನು ಆಕೆ ಆರು ಸಲ ನೋಡಬೇಕು: 3, 7, 14, 21, 28 ಮತ್ತು 42ನೆಯ ದಿನ. ಜೋಳಿಗೆ ತಕ್ಕಡಿಯಲ್ಲಿ ಕೂಸನ್ನು ತೂಗುತ್ತಾಳೆ, ಮೈ ಬಿಸಿ ನೋಡುತ್ತಾಳೆ, ಹೊಕ್ಕಳು ನೋಡುತ್ತಾಳೆ, ಹಾಲು ಕುಡಿಯುವ ಬಗೆ ನೋಡುತ್ತಾಳೆ. ಹೊಕ್ಕಳಿಗೆ ಬೂದಿ, ಎಣ್ಣೆ ಹಚ್ಚುವುದನ್ನು ಬಿಡಿಸಿದ್ದು, ಹುಟ್ಟಿದ ಕೂಸಿಗೆ ಜೇನು, ಸಕ್ಕರೆ ನೀರು ನೆಕ್ಕಿಸುವುದನ್ನು ಕಡಿಮೆ ಮಾಡಿದ್ದು ಇಂಥ ಭೇಟಿಗಳೇ. ಗಜೇಂದ್ರಗಡದ ಕಡೆ ಮಗ್ಗದ ಮನೆಗಳಿವೆ, ಪಟ್ಟೆದಂಚಿನ ಸೀರೆ ನೇಯುವವರು. ಅಲ್ಲಿ ಬಾಣಂತಿ ಎಷ್ಟು ಬೇಗ ಕೆಲಸಕ್ಕೆ ಕೂರುತ್ತಾಳೆ ಎಂಬುದನ್ನೂ ಆಕೆ ವಿಚಾರಿಸಬೇಕು. ಇಷ್ಟೆಲ್ಲ ಮಾಡುವ ಆಶಾಗೆ ಸಿಗುವುದು ಗೌರವಧನ ಮತ್ತು ಕೆಲಸಕ್ಕೊಂದು ಪ್ರೋತ್ಸಾಹಧನ, ಸಂಬಳವಲ್ಲ. ಈಕೆ ಮಾಡುವುದು ಪೂರ್ಣಾವಧಿ ಕೆಲಸ, ಅದಕ್ಕೆ ಸಂಬಳವೇ ಸಿಗಬೇಕು ಎಂಬುದು ಅವಳ ಹಿಂದೆ ಓಣಿ ಓಣಿ ತಿರುಗಿದ ನನ್ನ ಅಭಿಪ್ರಾಯ.

ಮನೆಭೇಟಿಯಲ್ಲಿ ಕಂಡದ್ದನ್ನು ಹೊರಗೆ ಆಡಬಾರದು. ಇದನ್ನು ಮೊದಲ ದಿನವೇ ಹೇಳಿಕೊಡುತ್ತಾರೆ. ಕ್ಷಯದ ಗುಳಿಗೆ ತೆಗೆದುಕೊಳ್ಳುವ ತಂದೆ, ಹದಿಹರೆಯದವರ ಸ್ನೇಹ ಕ್ಲಿನಿಕ್ಕಿಗೆ ಬಂದ ಹುಡುಗಿ, ಮಾತಾಡಲು ಒಪ್ಪದ ಹೊಸ ಸೊಸೆ. ನಾಳೆ ಇವರ ಮನೆಯ ಮಕ್ಕಳೇ ನನ್ನ ತರಗತಿಯಲ್ಲಿ ಕೂರಬಹುದು. ಮೌನ ಸಲ್ಲದ ಸಂದರ್ಭವೂ ಒಂದಿದೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಗೊತ್ತಾಗಿದೆ ಎಂಬುದು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಲೇಬೇಕು. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹುಡುಗಿ ಸಾಲಿಗೆ ಬರುವುದು ನಿಂತಾಗ ಮೊದಲು ಗೊತ್ತಾಗುವುದು ಶಿಕ್ಷಕರಿಗೆ. ಬಸುರಿಯೆಂದು ಬಂದಾಗ ಗೊತ್ತಾಗುವುದು ಸಿಸ್ಟರಿಗೆ. ಅಷ್ಟು ಹೊತ್ತಿಗೆ ಬಹಳ ತಡವಾಗಿರುತ್ತದೆ. ಆದ್ದರಿಂದ ಮೊದಲ ವಾರದ ಗೈರುಹಾಜರಿಯಲ್ಲೇ ಆ ಮನೆಗೆ ಹೋಗುವ ಶಿಕ್ಷಕರು ಬೇಕು.

ಉಪಕೇಂದ್ರದಿಂದ ತರಗತಿಗೆ ಒಯ್ದ ಪಾಠಗಳೂ ಇವೆ. ವಿಜ್ಞಾನದ ದ್ರಾವಣದ ಪಾಠಕ್ಕೆ ನಾನು ಓ.ಆರ್.ಎಸ್. ಪೊಟ್ಟಣ ಒಯ್ಯುತ್ತೇನೆ. ದೊಡ್ಡ ಪೊಟ್ಟಣ ಒಂದಕ್ಕೆ ಒಂದು ಲೀಟರ್ ನೀರು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಕಲೆಸಿದ್ದನ್ನು 24 ತಾಸಿನೊಳಗೆ ಮುಗಿಸಬೇಕು, ಭೇದಿಯಾದ ಮಗುವಿಗೆ ಜೊತೆಗೆ 14 ದಿನ ಸತುವಿನ ಗುಳಿಗೆ. ಒಂದು ಲೀಟರ್ ಎಷ್ಟೆಂದು ಮಕ್ಕಳು ಮನೆಯ ತಂಬಿಗೆಯಲ್ಲಿ ಅಳೆದು ನೋಡಿಕೊಂಡು ಬರಬೇಕು. ಗಣಿತದ ನಕ್ಷೆಯ ಪಾಠಕ್ಕೆ ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆ ಇದೆ. ಗೆರೆ ಏರುತ್ತಿದ್ದರೆ ಕೂಸು ಬೆಳೆಯುತ್ತಿದೆ. ಎರಡು ತಿಂಗಳು ಅಡ್ಡಗೆರೆಯಾದರೆ ದವಾಖಾನಿಗೆ ಒಯ್ಯಬೇಕು. ಏಳನೆಯ ತರಗತಿಯ ಹುಡುಗಿ ತನ್ನ ತಮ್ಮನ ನಕ್ಷೆಯನ್ನು ತಾಯಿಗೆ ಓದಿ ಹೇಳಿದರೆ ಆ ಮನೆಗೆ ಅದು ದೊಡ್ಡ ಆಸರೆ. ಡೇವಿಡ್ ಮಾರ್ಲಿ ಎಂಬ ಮಕ್ಕಳ ವೈದ್ಯರು 1970ರ ದಶಕದ ಕೊನೆಗೆ ಲಂಡನ್ನಿನಿಂದ ಆರಂಭಿಸಿದ ‘ಮಗುವಿನಿಂದ ಮಗುವಿಗೆ’ ಕಾರ್ಯಕ್ರಮದ ತಿರುಳು ಇದೇ: ಸಾಲಿ ಕಲಿಯುವ ದೊಡ್ಡ ಮಕ್ಕಳು ಮನೆಯ ಸಣ್ಣವರ ಆರೋಗ್ಯ ನೋಡಿಕೊಳ್ಳಲು ಕಲಿಯುವುದು. ಕೂಸನ್ನು ಕಂಕುಳಲ್ಲಿ ಹೊತ್ತ ಅಕ್ಕ ಇಲ್ಲದ ಓಣಿ ನಮ್ಮಲ್ಲಿಲ್ಲ.

ಗದಗ ಜಿಲ್ಲೆಯ ಬಿ.ಇಡಿ. ಕಾಲೇಜುಗಳ ಪ್ರಾಚಾರ್ಯರಲ್ಲಿ ನನ್ನದೊಂದು ವಿನಂತಿ. ರಾಷ್ಟ್ರೀಯ ಸೇವಾ ಯೋಜನೆ 1969ರಿಂದ ಇದೆ, ವರ್ಷಕ್ಕೆ 120 ತಾಸಿನ ಸೇವೆ ಅದರ ನಿಯಮ. ಆ ತಾಸುಗಳಲ್ಲಿ ಒಂದು ಪಾಲನ್ನು ಕಾಲೇಜಿನ ಹತ್ತಿರದ ಉಪಕೇಂದ್ರಕ್ಕೆ ಕೊಡಿ. ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಪತ್ರ ಬರೆದು, ಪ್ರಾಥಮಿಕ ಕೇಂದ್ರದ ವೈದ್ಯಾಧಿಕಾರಿಯ ಒಪ್ಪಿಗೆ ಪಡೆದರೆ ಸಾಕು, ಖರ್ಚಿಲ್ಲ. ಒಂದು ಕೇಂದ್ರಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿಯನ್ನು ಕಳಿಸಬೇಡಿ, ಜಾಗ ಚಿಕ್ಕದು, ಗದ್ದಲವಾದರೆ ಕೆಲಸ ಕೆಡುತ್ತದೆ. ಫೋಟೋ ತೆಗೆಯಬಾರದು, ರಜಿಸ್ಟರ್ ಮನೆಗೆ ಒಯ್ಯಬಾರದು, ಔಷಧ ಮುಟ್ಟಬಾರದು ಎಂಬ ಮೂರನ್ನು ಮೊದಲೇ ಬರೆಸಿಕೊಳ್ಳಿ. ಹೋಗುವ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು: ಕನಿಷ್ಠ ಒಂದು ಸೆಮಿಸ್ಟರ್ ಬಿಡದೆ ಹೋಗಿ, ತಾಯಿ ಕಾರ್ಡು ಓದುವುದನ್ನು ಮೊದಲು ಕಲಿಯಿರಿ, ಅಜ್ಜಿಯರ ಜೊತೆ ನೆಲದ ಮೇಲೆ ಕೂತು ಮಾತಾಡಿ.